ಅಂಕಿತ ಬರುವವರೆಗೆ

ಪರಾತದಲ್ಲಿ ಜೋಳದ ಹಿಟ್ಟು ಗುಡ್ಡೆ ಮಾಡಿ, ನಡುವೆ ಕುಳಿ ತೆಗೆದು, ಕುದಿಯುವ ಎಸರು ಹೊಯ್ದು ಹುಟ್ಟಿನಿಂದ ತಿರುವುತ್ತಿದ್ದೆ. ಇನ್ನೊಂದು ಒಲೆಯ ಮೇಲೆ ಹಂಚು ಕಾಯುತ್ತಿತ್ತು. ಆಗ ಕಿಟಕಿಯಲ್ಲಿಟ್ಟ ಫೋನು ಹೊಡೆದುಕೊಂಡಿತು. ಮಕ್ತಲದಿಂದ ನನ್ನ ತಮ್ಮ ಬಸು. ಕೈಯೆಲ್ಲ ಹಿಟ್ಟಾಗಿದ್ದರಿಂದ ಬೆರಳಿನ ಗೆಣ್ಣಿನಿಂದ ಒತ್ತಿ, ಸ್ಪೀಕರಿಗೆ ಹಾಕಿ, ಪರಾತದ ಪಕ್ಕ ಇಟ್ಟುಕೊಂಡೆ. ನಮ್ಮ ಗದ್ವಾಲದ ಮನೆಯಲ್ಲಿ ಆ ಹೊತ್ತಿಗೆ ಟಿವಿ ಜೋರಾಗಿ ಕೂಗುತ್ತಿರುತ್ತದೆ. ಅವತ್ತು ಕರೆಂಟು ಹೋಗಿತ್ತು. ಅದೂ ಶಿವನ ದಯೆಯೇ ಎಂದು ಆಮೇಲೆ ಅನ್ನಿಸಿತು. ಇಲ್ಲದಿದ್ದರೆ ನಾನು ಕೇಳಬೇಕಾದದ್ದು ನನಗೆ ಕೇಳುತ್ತಿರಲಿಲ್ಲ.

"ಅಕ್ಕಾ, ಸಿಕ್ಕಾವ!"

"ಏನ್ ಸಿಕ್ಕಾವೋ?"

"ಅತ್ತಿ ಕ್ಯಾಸೆಟ್. ಅಟ್ಟದ ಮ್ಯಾಲ, ಅಪ್ಪನ ತಕ್ಕಡಿ ಪೆಟ್ಟಿಗ್ಯಾಗ ಅದಾವ. ಇಷ್ಟ್ ವರ್ಷ ಆದ್ರೂ ಬೂಸ್ಟು ಹಿಡದಿಲ್ಲ ನೋಡು."

ಸಂತೋಷದ ಸುದ್ದಿ. ನಮ್ಮ ಸೋದರತ್ತೆ ಹಾಡಿದ ಆ ಕ್ಯಾಸೆಟ್ಟುಗಳನ್ನು ಅಪ್ಪ ಹೋದ ಮೇಲೆ ಹುಡುಕದ ಮೂಲೆಯಿಲ್ಲ. ಆದರೆ ಬಸುವಿನ ಮಾತಿನ ಕೆಳಗೆ ಇನ್ನೊಂದು ಸದ್ದಿತ್ತು. ಒಣ ಕಾಳನ್ನು ಕಲ್ಲಿನ ಮೇಲೆ ಮೆಲ್ಲಗೆ ಎಳೆದ ಹಾಗೆ.

"ನಿನ್ನ ಧ್ವನಿ ಯಾಕ ಹಂಗಾಗೈತೋ?"

"ಫೋನಕ್ಕ. ಅಟ್ಟದಾಗ ಟವರ್ ಸಿಗಂಗಿಲ್ಲ, ಗರಗರ ಅಂತೈತಿ."

"ಈಗ ಅಟ್ಟದಾಗ ಅದಿ ಏನು?"

"ಇಲ್ಲ. ಪಡಸಾಲ್ಯಾಗ ಕುಂತೀನಿ."

ಹುಟ್ಟು ಹಿಡಿದ ಕೈ ಅಲ್ಲೇ ನಿಂತಿತು. ಆ ಗರಗರ ನನಗೆ ಹೊಸದಲ್ಲ. ಮಕ್ತಲದ ಅದೇ ಪಡಸಾಲೆಯಲ್ಲಿ, ನಾನು ಇನ್ನೂ ಲಂಗ ಉಡುತ್ತಿದ್ದ ಕಾಲದಲ್ಲಿ, ನಮ್ಮ ಮನೆಯವರೆಲ್ಲ ಸಾಲಾಗಿ ಕೂತು ಅದನ್ನು ಕೇಳಿದ್ದೆವು. ಕೇಳಿ, ಅದು ಬೇರೆ ಏನೋ ಎಂದುಕೊಂಡಿದ್ದೆವು.

ಆ ತೆಲುಗು ಸೀಮೆಯ ಊರಲ್ಲಿ ನಮ್ಮ ಮನೆ ಬಜಾರದ ಬೀದಿಯಲ್ಲಿತ್ತು. ಮುಂದೆ ಅಪ್ಪನ ಶೇಂಗಾ ಕುಸುಬಿಯ ಅಂಗಡಿ, ಅದರ ಹಿಂದೆ ಪಡಸಾಲೆ, ಆಮೇಲೆ ದೇವರ ಕೋಣೆ, ಕೊನೆಗೆ ಅಡುಗೆಮನೆ. ಅಂಗಡಿಯಲ್ಲಿ ತೆಲುಗು ಮತ್ತು ಉರ್ದು, ಶಾಲೆಯಲ್ಲಿ ತೆಲುಗು. ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ನಾನು ಕನ್ನಡ ಅಕ್ಷರ ಕಲಿತದ್ದು ಕ್ಯಾಸೆಟ್ಟಿನ ಡಬ್ಬಿಗಳ ಮೇಲೆ ಅಪ್ಪ ಬರೆದ ಬರಹದಿಂದ. ಟೇಪ್ ರೆಕಾರ್ಡರು ಇದ್ದದ್ದು ಪಡಸಾಲೆಯ ಗೂಡಿನಲ್ಲಿ, ದೇವರ ಕೋಣೆಯ ಬಾಗಿಲಿಗೆ ಅಂಟಿಕೊಂಡು. ಅದಕ್ಕೆ ಅವ್ವ ಕ್ರೋಶಾದ ಹೊದಿಕೆ ಹೆಣೆದಿದ್ದಳು. ಸ್ನಾನ ಮಾಡಿ ವಿಭೂತಿ ಹಚ್ಚದೆ ಅದನ್ನು ಮುಟ್ಟುವ ಹಾಗಿರಲಿಲ್ಲ. ಬೇರೆಯವರ ಅಪ್ಪಂದಿರು ಕಾಶಿಗೆ ಹೋದರೆ ಲಿಂಗ ತರುತ್ತಿದ್ದರು, ಶ್ರೀಶೈಲಕ್ಕೆ ಹೋದರೆ ರುದ್ರಾಕ್ಷಿ ತರುತ್ತಿದ್ದರು. ನಮ್ಮಪ್ಪ ಎಲ್ಲಿಗೆ ಹೋದರೂ ಹಾಡು ಹುಡುಕಿಕೊಂಡು ಬರುತ್ತಿದ್ದ. ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ರಾಯಚೂರಿಗೆ, ಅಲ್ಲಿಂದ ಕಲಬುರ್ಗಿಗೆ, ಒಮ್ಮೊಮ್ಮೆ ಹೈದರಾಬಾದಿನ ಹಳೇ ಸಾಮಾನಿನ ಗಲ್ಲಿಗಳಿಗೆ. ಅವನಿಗೆ ಬೇಕಾದದ್ದು ಒಂದೇ: ಸ್ವರವಚನ. ಶರಣರಲ್ಲಿ ಕೆಲವರು ವಚನ ಹೇಳಿ ಸುಮ್ಮನಾಗಲಿಲ್ಲ, ರಾಗ ತಾಳ ಇಟ್ಟು, ಪಲ್ಲವಿ ಕೂಡಿಸಿ, ಹಾಡಿಕೊಳ್ಳಲೆಂದೇ ಕಟ್ಟಿದರು. ಅಂಥವನ್ನು ಸ್ವರವಚನ ಅನ್ನುತ್ತಾರೆ. ಅವುಗಳನ್ನು ಕಟ್ಟಿದವರನ್ನು ಅಪ್ಪ ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ದೊಡ್ಡವರು' ಅನ್ನುತ್ತಿದ್ದ. "ದೊಡ್ಡವರು ಬರಾಕತ್ತಾರ, ಕಾಲು ಮಡಚ್ರಿ" ಎಂದು ಹೇಳಿಯೇ ಗುಂಡಿ ಒತ್ತುತ್ತಿದ್ದ.

ಬಜಾರದಲ್ಲಿ ಸಿಗುವ ಕ್ಯಾಸೆಟ್ಟುಗಳು ಅವನಿಗೆ ಆಗಿಬರುತ್ತಿರಲಿಲ್ಲ. ಒಂದರಲ್ಲಿ ತಬಲಾ ಕುದುರೆಯ ಹಾಗೆ ಓಡುತ್ತಿತ್ತು, ಇನ್ನೊಂದರಲ್ಲಿ ನುಡಿಗೊಂದು ಕೊಳಲು ನುಗ್ಗುತ್ತಿತ್ತು. ಒಂದೇ ಪದವನ್ನು ಇಬ್ಬರು ಹಾಡಿದ ಎರಡು ಕ್ಯಾಸೆಟ್ ತಂದು, ಒಂದರ ಹಿಂದೊಂದು ಹಾಕಿ, ನಮ್ಮಿಬ್ಬರನ್ನು ಮುಂದೆ ಕೂರಿಸಿಕೊಂಡು ಕೇಳುತ್ತಿದ್ದ.

"ಇಲ್ಲಿ ಕೇಳು. ಪಲ್ಲವಿ ತಾಳದ ಸಮಕ್ಕ ಬಿತ್ತೇನು?"

"ಇಲ್ಲಪ್ಪ. ಜರಾ ತಡಾ ಮಾಡಿ ಬಂತು."

"ಹಾಂ. ದೊಡ್ಡವರು ಬೇಕಂತ ಅರ್ಧ ಮಾತ್ರಿ ತಡಾ ಇಟ್ಟಾರ. ದೇವರ ಬಾಗಲಾಗ ನಿಂತು, ಒಳಗ ಬರಲೋ ಬ್ಯಾಡೋ ಅಂದಂಗ. ಈಗ ಈ ಇನ್ನೊಬ್ಬನ್ನ ಕೇಳು. ಚಪ್ಪಲಿ ಸೈತ ಒಳಗ ನುಗ್ಗಿಬಿಟ್ಟ, ಮಗ."

ಬಸು ನಗುತ್ತಿದ್ದ. ನಾನು ನಗುತ್ತಿದ್ದರೂ ಆ ಅರ್ಧ ಮಾತ್ರೆ ನನ್ನ ಮೈಯಲ್ಲಿ ಕೂತುಬಿಟ್ಟಿತು. ಈಗಲೂ ಗುಡಿಯ ಬಾಗಿಲಲ್ಲಿ ಅಷ್ಟು ಹೊತ್ತು ನಿಂತೇ ಒಳಗೆ ಹೋಗುತ್ತೇನೆ. ಹೀಗೆ ಕೇಳುವುದಕ್ಕೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಪದದ ಕೊನೆಯ ನುಡಿಯಲ್ಲಿ ಕಟ್ಟಿದವರ ಅಂಕಿತ ಬರುತ್ತದೆ, ಅಂದರೆ ಅವರು ನಂಬಿದ ದೇವರ ಹೆಸರು. ಅದೇ ಅವರ ಗುರುತು. ಅಂಕಿತ ಬರುವವರೆಗೆ ಯಾರೂ ಏಳಬಾರದು. ಹಾಗೆ ಎದ್ದರೆ ಉಣ್ಣಲು ಕೂತವರ ಮುಂದಿನ ತಾಟು ಎಳೆದುಕೊಂಡ ಹಾಗೆ ಎನ್ನುತ್ತಿದ್ದ ಅಪ್ಪ. ಇದರಿಂದ ಎಷ್ಟು ಸಲ ಹಾಲು ಉಕ್ಕಿತೋ, ಎಷ್ಟು ರೊಟ್ಟಿ ಸೀದವೋ. ಅಂಗಡಿಯ ಕಟ್ಟೆಯ ಮೇಲೆ ನಿಂತ ಗಿರಾಕಿಗಳು ಒಳಗೆ ಇಣುಕಿ, "ಏಂದಿ ಸೇಟು, ಪಲ್ಲೀಲು ಇಸ್ತವಾ, ಪಾಟಲು ಇಸ್ತವಾ?" ಎಂದು, ಶೇಂಗಾ ಕೊಡುತ್ತೀಯೋ ಹಾಡು ಕೊಡುತ್ತೀಯೋ ಎಂದು ಅಣಕಿಸಿ ಹೋಗುತ್ತಿದ್ದರು. ಅಪ್ಪ ಕಣ್ಣು ತೆರೆಯುತ್ತಿರಲಿಲ್ಲ. ಅವ್ವನಿಗೆ ರಾಗ ತಾಳ ತಿಳಿಯುತ್ತಿರಲಿಲ್ಲ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಗೊಣಗುತ್ತಿದ್ದಳು.

"ಆರುನೂರು ಎಂಟುನೂರು ವರ್ಷದ ಹಿಂದಿನೋರು ಹಸದದ್ದು ಇವರಿಗಿ ತಿಳೀತೈತಿ. ಮನ್ಯಾನ ಹುಡುಗರು ಹಸದದ್ದು ತಿಳಿಯಂಗಿಲ್ಲ."

ನಾಗಮ್ಮತ್ತಿ ಅಪ್ಪನ ಅಕ್ಕ. ಉಂಡವಳ್ಳಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ಅಡುಗೆಮನೆಯ ಒಂದು ಮೂಲೆಯನ್ನು ತನ್ನದಾಗಿ ಮಾಡಿಕೊಂಡಳು. ಆ ಮೂಲೆಯಲ್ಲಿ ಬೀಸುವ ಕಲ್ಲಿತ್ತು. ಊರಲ್ಲಿ ಗಿರಣಿ ಬಂದು ಎಷ್ಟೋ ಕಾಲವಾಗಿದ್ದರೂ ಪೂಜೆಯ ಪ್ರಸಾದದ ಹಿಟ್ಟನ್ನು ಅವಳು ಕಲ್ಲಿನಲ್ಲೇ ಬೀಸುತ್ತಿದ್ದಳು. ಬೀಸುತ್ತ ನಮ್ಮಜ್ಜಿಯಿಂದ ಕಲಿತ ಪದಗಳನ್ನು ಹಾಡುತ್ತಿದ್ದಳು. ಬೀಸುವವರ ಹಾಡಿಗೆ ನಮ್ಮಲ್ಲಿ ಯಾರು ಕಿವಿ ಕೊಡುತ್ತಾರೆ? ಆದರೆ ಒಂದು ಬೆಳಿಗ್ಗೆ ಅಪ್ಪ ದಬ್ಬಣ ಕೇಳಲು ಒಳಗೆ ಬಂದವನು ಬಾಗಿಲಲ್ಲೇ ನಿಂತ. ಯಾವ ಸ್ವರವಚನಕ್ಕಾಗಿ ಊರೂರು ಸುತ್ತಿ, ಒಂದೂ ನೆಟ್ಟಗಿನ ರೆಕಾರ್ಡಿಂಗು ಸಿಗದೆ ಬರಿಗೈಯಲ್ಲಿ ಬಂದಿದ್ದನೋ, ಅದನ್ನೇ ಅತ್ತಿ ಹಾಡುತ್ತಿದ್ದಳು. ಆ ಅರ್ಧ ಮಾತ್ರೆಯ ತಡವೂ ಇತ್ತು. ಕಲ್ಲು ಒಂದು ಸುತ್ತು ಮುಗಿದು, ಗೂಟ ಅವಳ ಎದೆಯ ಹತ್ತಿರ ಬಂದ ಮೇಲೆ ಪಲ್ಲವಿ ಏಳುತ್ತಿತ್ತು. ಅಂಕಿತ ಬರುವವರೆಗೆ ನಿಂತಿದ್ದ ಅಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಅಕ್ಕಾ, ಇದು ನಿನಗ ಬರತಿತ್ತೇನು?"

"ಊರೆಲ್ಲ ಅಡ್ಡಾಡಿ ಬಂದಿ ತಮ್ಮಾ, ಒಲಿ ಮುಂದ ನೋಡಲೇ ಇಲ್ಲ!" ಎಂದು ಅತ್ತಿ ನಕ್ಕಳು. ನಗುವಾಗ ಒಂದು ಸಣ್ಣ ಕೆಮ್ಮು ಬಂತು. ಒಲೆಯ ಹೊಗೆ ಎಂದುಕೊಂಡೆವು.

ಮುಂದಿನ ಸೋಮವಾರ ಪೂಜೆ ಮುಗಿಸಿ, ಬೀಸುವ ಕಲ್ಲನ್ನು ಪಡಸಾಲೆಗೆ ತಂದಿಟ್ಟು ರೆಕಾರ್ಡಿಂಗಿಗೆ ಕೂತೆವು. ಗುಂಡಿಗಳ ಮೇಲೆ ಬಸುವಿನ ಬೆರಳು, ಮೈಕು ನನ್ನ ಕೈಯಲ್ಲಿ. ಕಲ್ಲಿಲ್ಲದೆ ನಾಗಮ್ಮತ್ತಿಗೆ ತಾಳ ನಿಲ್ಲುತ್ತಿರಲಿಲ್ಲ. ಕಲ್ಲಿನಲ್ಲಿ ಕಾಳು ಹಾಕಿದರೆ ಸದ್ದು ಪದವನ್ನು ಮುಚ್ಚುತ್ತಿತ್ತು. ಅದಕ್ಕೆ ಅಪ್ಪ ಕಾಳು ಹಾಕದೆ ಬರಿಯ ಕಲ್ಲನ್ನು ಹಗುರವಾಗಿ ತಿರುವಲು ಹೇಳಿದ. ಬರಿಗಲ್ಲು ಬೀಸುವುದು ನಮ್ಮ ಕಡೆ ದೊಡ್ಡ ಅಪಶಕುನ. ಅವ್ವ ಕೈಯಲ್ಲಿದ್ದ ಸಟ್ಟುಗದೊಂದಿಗೇ ಓಡಿಬಂದಳು.

"ಬ್ಯಾಡ್ರಿ, ನಿಮಗ ಕೈ ಮುಗೀತೀನಿ. ಖಾಲಿ ಕಲ್ಲು ತಿರುವಿದ್ರ ಅದು ಮನ್ಯಾಗಿಂದು ಯಾವುದರ ಒಂದು ಬೀಸತೈತಿ."

"ಹುಚ್ಚಿ. ಕಲ್ಲಿಗಿ ಏನ್ ಗೊತ್ತು?"

ಅತ್ತಿ ಇಬ್ಬರ ಮಾತೂ ಉಳಿಯಲೆಂದು ಒಂದೇ ಒಂದು ಹಿಡಿ ಜೋಳ ಹಾಕಿಕೊಂಡು ಹಾಡಿದಳು. ಆದರೆ ಪದದ ನಡುವೆಯೇ ಕಾಳು ತೀರಿತು. ಅಂಕಿತ ಬರುವವರೆಗೆ ನಿಲ್ಲಿಸುವ ಹಾಗಿರಲಿಲ್ಲ. ಕೊನೆಯ ನುಡಿಗಳಿಗೆ ಬರಿಗಲ್ಲೇ ತಿರುಗಿತು. ಅವ್ವ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು.

ಹಿಂದಕ್ಕೆ ತಿರುಗಿಸಿ ಹಾಕಿ ಕೇಳಿದಾಗ ಅತ್ತಿಯ ದನಿಯ ಕೆಳಗೆ ಒಂದು ಗರಗರ ಸದ್ದಿತ್ತು. "ಕಲ್ಲಿಂದು" ಎಂದ ಅಪ್ಪ. ಮುಂದಿನ ಸಲ ಕಲ್ಲು ಬಿಟ್ಟು ತೊಡೆ ತಟ್ಟಿಕೊಂಡು ಹಾಡಿಸಿದ. ಗರಗರ ಹೋಗಲಿಲ್ಲ. ಹಾಗಾದರೆ ಮಷೀನಿನ ಹೆಡ್ಡಿನದೇ ದೋಷ ಎಂದು ಅದನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಾರಾಯಣಪೇಟೆಗೆ ಹೋದ, ನಾನೂ ಜೊತೆಗಿದ್ದೆ. ಮಗ್ಗಗಳು ಟಕಟಕ ಎನ್ನುವ ಓಣಿಯೊಳಗೆ ರಿಪೇರಿ ಅಂಗಡಿ. ಅಂಗಡಿಯವನು ತನ್ನದೊಂದು ಸಿನಿಮಾ ಕ್ಯಾಸೆಟ್ ಹಾಕಿ ನೋಡಿದ.

"ಮಷೀನ್ ಸಾಫ್ ಐತ್ರಿ ಸಾವ್ಕಾರ್ರ. ನಿಮ್ಮ ಕ್ಯಾಸೆಟ್ ಖರಾಬ್ ಆಗೈತಿ. ಸಸ್ತಾ ಮಾಲ್."

ಅಪ್ಪನ ಮುಖ ಅರಳಿದ್ದು ನೆನಪಿದೆ. ಕ್ಯಾಸೆಟ್ಟಿನದೇ ತಪ್ಪೆಂದಾದರೆ ತಿದ್ದಬಹುದಲ್ಲ! ರಾಯಚೂರಿನಿಂದ ಒಳ್ಳೆಯ ಕ್ಯಾಸೆಟ್ಟು ತರಿಸಿದ. ಆಮೇಲೆ ಮೈಕು ಬದಲಿಸಿದ. ಆಮೇಲೆ ಕರೆಂಟಿನ ದೋಷವಿರಬೇಕೆಂದು ಸೆಲ್ಲು ಹಾಕಿ ನೋಡಿದ. ಶೇಂಗಾದ ಸುಗ್ಗಿ ಬಂದು ಹೋಯಿತು. ಪ್ರತಿ ಸಲವೂ ಆ ಸದ್ದು ಹಿಂದಿನ ಸಲಕ್ಕಿಂತ ಸ್ವಲ್ಪ ದಪ್ಪವಾಗಿರುತ್ತಿತ್ತು. ಪ್ರತಿ ಕ್ಯಾಸೆಟ್ಟಿನ ಮೇಲೂ ಅಪ್ಪ 'ಖರಾಬ್' ಎಂದು ಬರೆದು ಪಕ್ಕಕ್ಕಿಡುತ್ತಿದ್ದ. ಎದುರಿಗೆ ಕೂತು ಹಾಡುವವಳ ದನಿಯಲ್ಲೇ ನಿಮಗೆ ಅದು ಕೇಳಲಿಲ್ಲವೇ ಎಂದು ನನ್ನ ಮಗಳು ಕೇಳುತ್ತಾಳೆ. ಕೇಳಲಿಲ್ಲ, ತಾಯಿ. ದಿನಾ ಜೊತೆಗಿರುವವರ ದನಿಯನ್ನು ಕಿವಿ ಕೇಳುವುದಿಲ್ಲ, ನೆನಪು ಕೇಳುತ್ತದೆ. ನಮಗೆ ಗೊತ್ತಿದ್ದ ಅತ್ತಿಯ ದನಿಯನ್ನೇ ನಾವು ಕೇಳುತ್ತಿದ್ದೆವು. ಆ ಯಂತ್ರಕ್ಕೆ ನೆನಪಿರಲಿಲ್ಲ. ಅದು ಇದ್ದದ್ದನ್ನು ಇದ್ದ ಹಾಗೆ ಹೇಳಿತು. ನಾವು ಅದನ್ನೇ ರಿಪೇರಿಗೆ ಒಯ್ದೆವು.

ನಮ್ಮ ಮನೆಯಲ್ಲಿ ನಿಜವಾಗಿ ಕೇಳಿಸಿಕೊಂಡವಳು ಅವ್ವ, ಅದೂ ಕಣ್ಣಿನಿಂದ. ಮೊದಲು ಅತ್ತಿ ರೊಟ್ಟಿಯನ್ನು ಪಲ್ಯದ ಜೊತೆ ಬಿಟ್ಟು ಮಜ್ಜಿಗೆಯಲ್ಲಿ ನೆನೆಸಿ ಉಣ್ಣತೊಡಗಿದಳು. "ಹಲ್ಲು ನೋಯ್ತಾವ" ಎಂದಳು. ಆಮೇಲೆ ರೊಟ್ಟಿ ಬಿಟ್ಟು ಅನ್ನ. ಆಮೇಲೆ ಅನ್ನ ಬಿಟ್ಟು ಅಂಬಲಿ. ಅಂಬಲಿ ಕುಡಿಯುವಾಗಲೂ ಪ್ರತಿ ಗುಟುಕಿಗೆ ಗದ್ದ ಮೇಲೆತ್ತುತ್ತಿದ್ದಳು, ಕೋಳಿ ನೀರು ಕುಡಿದ ಹಾಗೆ. ಅವ್ವ ಅಪ್ಪನ ಊಟದ ಹೊತ್ತಿನಲ್ಲಿ ಮಾತು ತೆಗೆದಳು.

"ಅವರ ಗಂಟಲದಾಗ ಏನೋ ಐತ್ರಿ. ಒಮ್ಮಿ ರಾಯಚೂರಿಗಿ ಕರಕೊಂಡು ಹೋಗ್ರಿ."

"ಹಾಡಾಕತ್ತಾಳಲ್ಲ! ಗಂಟಲದಾಗ ಏನರ ಇದ್ರ ಹಾಡಾಕ ಬರತೈತೇನು? ನಿನಗ ಸುರ ತಿಳಿಯಂಗಿಲ್ಲ, ಸುಮ್ನಿರು."

ಅಂದಿನಿಂದ ಅವ್ವ ಅತ್ತಿಯ ತಾಟಿನ ಮೇಲೆ ಒಂದು ಕಣ್ಣಿಟ್ಟೇ ಇದ್ದಳು. ಸಂಜೆ ದೀಪ ಹಚ್ಚುವಾಗ ಬೀಸುವ ಕಲ್ಲಿಗೂ ಒಂದು ಊದಿನಕಡ್ಡಿ ಸಿಕ್ಕಿಸಿ ಬರುತ್ತಿದ್ದಳು. ಅದಕ್ಕೆ ಏನು ಬೇಡಿಕೊಳ್ಳುತ್ತಿದ್ದಳೋ ನಾನು ಕೇಳಲಿಲ್ಲ.

ಕೊನೆಯ ರೆಕಾರ್ಡಿಂಗಿನ ಸೋಮವಾರ ಮೋಡ ಮುಚ್ಚಿ, ಗಾಳಿಯಿಲ್ಲದೆ, ಪಡಸಾಲೆಯಲ್ಲಿ ಹಗಲಲ್ಲೇ ದೀಪ ಬೇಕೆನಿಸುವಷ್ಟು ಮಂಕಾಗಿತ್ತು. ಹೊಸ ಕ್ಯಾಸೆಟ್ಟು, ಹೊಸ ಮೈಕು. ಅಪ್ಪ ಅಂಗಡಿಯ ಬಾಗಿಲು ಹಾಕಿಸಿ ಬಂದ. "ದೊಡ್ಡವರು ಬರಾಕತ್ತಾರ" ಎಂದ. ಅತ್ತಿ ಹಾಡಿದಳು. ಪಲ್ಲವಿ ಬಾಗಿಲಲ್ಲಿ ನಿಂತು, ತಡೆದು, ಒಳಗೆ ಬಂತು. ಎರಡನೆಯ ನುಡಿಯಾಯಿತು, ಮೂರನೆಯದಾಯಿತು. ಅಂಕಿತದ ನುಡಿಗೆ ಬಂದಾಗ ಅವಳ ತುಟಿ ಆಡುತ್ತಿತ್ತು, ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ದನಿ ಮಾತ್ರ ಇರಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡೇ ಇದ್ದ, ಅವಳು ಉಸಿರು ತೆಗೆದುಕೊಳ್ಳುತ್ತಿದ್ದಾಳೆ ಎಂದು ಕಾಯುತ್ತ. ಬಸು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅಂಕಿತ ಬಂದಿರಲಿಲ್ಲ. ಅದಕ್ಕೆ ನಾವು ಯಾರೂ ಏಳಲಿಲ್ಲ. ಟೇಪಿನ ಚಕ್ರಗಳು ತಿರುಗುತ್ತಲೇ ಇದ್ದವು. ಅತ್ತಿ ಒಂದು ಕೈಯಿಂದ ಕತ್ತು ಹಿಡಿದುಕೊಂಡು, ಇನ್ನೊಂದು ಕೈಯ ತಾಳ ತಪ್ಪಿಸದೆ, ಆ ದೇವರ ಹೆಸರಿಗಾಗಿ ಬಾಯಿ ತೆರೆದು ಮುಚ್ಚುತ್ತಿದ್ದಳು. ನಾವು ಶಿಸ್ತಿನಿಂದ ಕಾಲು ಮಡಚಿ ಕೂತು ಅದನ್ನು ನೋಡುತ್ತಿದ್ದೆವು. ಆಗ ಅಡುಗೆಮನೆಯಿಂದ ಅವ್ವ ಬಂದಳು. ಅಪ್ಪನನ್ನು ದಾಟಿ, ಮೈಕನ್ನು ದಾಟಿ, ನೀರಿನ ತಂಬಿಗೆಯನ್ನು ಅತ್ತಿಯ ಬಾಯಿಗೆ ಹಿಡಿದಳು.

"ಅಂಕಿತ ಆಮ್ಯಾಲ. ನೀರು ಕುಡೀರಿ ಮೊದಲ."

ಅಪ್ಪ ಕಣ್ಣು ತೆರೆದ. ಟೇಪು ಮುಗಿದು ಗುಂಡಿ ಟಕ್ಕೆಂದು ತಾನೇ ಮೇಲೆದ್ದಿತು. ಅತ್ತಿ ಕುಡಿದ ನೀರು ಸೆರಗಿನ ಮೇಲೆ ವಾಪಸು ಬಂತು, ಅದರಲ್ಲಿ ಕೆಂಪಿತ್ತು.

ಮರುದಿನವೇ ಕೃಷ್ಣಾ ಸ್ಟೇಷನ್ನಿನಿಂದ ರಾಯಚೂರಿಗೆ ಕರೆದೊಯ್ದರು. ಹೊಳೆಯ ಸೇತುವೆಯ ಮೇಲೆ ರೈಲು ಹೋಗುವಾಗ ಅತ್ತಿ ಎಲ್ಲರಂತೆ ನೀರಿಗೆ ಕಾಸು ಎಸೆಯಲಿಲ್ಲ, ಸುಮ್ಮನೆ ಕೈ ಮುಗಿದಳಂತೆ. ಅಲ್ಲಿಯ ಡಾಕ್ಟರು ಅಪ್ಪನಿಗೆ ಹೇಳಿದ್ದು ಒಂದೇ ಮಾತು: "ಭಾಳ ತಡಾ ಮಾಡಿ ತಂದ್ರಿ." ಅರ್ಧ ಮಾತ್ರೆಯ ತಡವನ್ನು ಹಿಡಿಯಬಲ್ಲ ಮನುಷ್ಯ ಆ ಮಾತನ್ನು ಹೊತ್ತುಕೊಂಡು ಹೇಗೆ ಮನೆಗೆ ಬಂದನೋ. ಬಂದವನು ಟೇಪ್ ರೆಕಾರ್ಡರಿಗೆ ಹೊದಿಕೆ ಹಾಕಿದ. ಮತ್ತೆ ಅದನ್ನು ತೆಗೆಯಲಿಲ್ಲ. ಅತ್ತಿ ದನಿಯಿಲ್ಲದೆ ಇನ್ನೂ ಕೆಲಕಾಲ ಬದುಕಿದಳು. ಅವ್ವ ಅವಳಿಗೆ ಅಂಬಲಿಯನ್ನು ಬಟ್ಟೆಯಲ್ಲಿ ಸೋಸಿ ಕುಡಿಸುತ್ತಿದ್ದಳು. ಒಂದು ಗುಟುಕೂ ನಿಲ್ಲದೆ ಇಳಿದ ದಿನ ಅವ್ವ ದೇವರ ಮುಂದೆ ಒಂದು ಹೂವು ಹೆಚ್ಚು ಇಡುತ್ತಿದ್ದಳು. ಸಣ್ಣ ಸಣ್ಣ ಕರುಣೆಗಳನ್ನು ಎಣಿಸುವುದನ್ನು ನಾನು ಅವಳಿಂದ ಕಲಿತೆ. ನಾಗಮ್ಮತ್ತಿಗೆ ನೋವಿಲ್ಲದೆ ನಿದ್ದೆ ಬಂದ ಮಧ್ಯಾಹ್ನ. ಅವಳು ಹಾಸಿಗೆಯಲ್ಲೇ ಬೆರಳಿನಿಂದ ತಾಳ ಹಾಕಿ, ಬಸು ಹಾಡಿ, ಪದ ತಪ್ಪಿಲ್ಲದೆ ಮುಗಿದ ಮುಂಜಾನೆ. ಬಸುವಿಗೆ ಆ ಪದ ಬಂದದ್ದು ಹಾಗೆ, ಅವಳ ಬೆರಳಿನಿಂದ.

ಈಗ ನನ್ನ ಫೋನಿನಲ್ಲಿ ದೊಡ್ಡವರೆಲ್ಲ ಸಿಗುತ್ತಾರೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಯೂಟ್ಯೂಬಿನಲ್ಲಿ ಒಂದೇ ಪದವನ್ನು ಹತ್ತು ಜನ ಹಾಡಿದ್ದನ್ನು ಹುಡುಕಿ ಕೇಳುತ್ತೇನೆ. ಬಹಳ ಜನ ಚಪ್ಪಲಿ ಹಾಕಿಕೊಂಡೇ ಒಳಗೆ ನುಗ್ಗುತ್ತಾರೆ. ಯಾರೋ ಒಬ್ಬರು, ಹೆಸರೇ ಇಲ್ಲದ ಯಾವುದೋ ಮಠದ ಕಟ್ಟೆಯ ಮೇಲೆ ಕೂತವರು, ಬಾಗಿಲಲ್ಲಿ ನಿಲ್ಲುತ್ತಾರೆ. ಅಂಥದು ಸಿಕ್ಕರೆ ಆ ದಿನ ಪುಣ್ಯದ ದಿನ. ಅಂಕಿತಕ್ಕೆ ಇನ್ನೇನು ಬರಬೇಕು, ಅಷ್ಟರಲ್ಲಿ ಹಲ್ಲುಪುಡಿಯ ಜಾಹೀರಾತು ಬರುತ್ತದೆ. ಆಗಲೂ ಏಳದೆ ಕಾಯುತ್ತೇನೆ. ಕಟ್ಟಳೆ ಬಿಟ್ಟಿಲ್ಲ. ಆದರೆ ಹಾಡುವವರ ದನಿಯ ಕೆಳಗೆ ಏನಿದೆ ಎಂದು ಮೊದಲು ಕೇಳುತ್ತೇನೆ, ಆಮೇಲೆ ರಾಗ.

ಬಸು ಫೋನಿನಲ್ಲಿ ಇನ್ನೂ ಹೇಳುತ್ತಲೇ ಇದ್ದ.

"ಹೈದರಾಬಾದದಾಗ ಒಬ್ಬಾಂವ ಅದಾನಕ್ಕ. ಕಂಪ್ಯೂಟರದಾಗ ಹಾಕಿ ಆ ಗರಗರ ಪೂರಾ ತೆಗೀತಾನಂತ. ಅತ್ತಿ ಆವಾಜ್ ಸಾಫ್ ಬರತೈತಿ. ಅಪ್ಪಗ ಬೇಕಾಗಿತ್ತಲ್ಲ, ಹಂಗ."

"ತೆಗಸಬ್ಯಾಡ."

"ಯಾಕ? ಖರಾಬ್ ಐತಲ್ಲ."

"ಖರಾಬ್ ಇದ್ದದ್ದು ಕ್ಯಾಸೆಟ್ಟಲ್ಲೋ ಬಸು. ಅದನ್ನೂ ತೆಗದ್ರ ಅಕಿದೇನು ಉಳೀತು?" ಆಮೇಲೆ ನಾನು ಕೇಳಿದೆ, "ಊಟ ಆತೇನು?"

"ಆತು. ಅನ್ನ ಮಜ್ಜಿಗಿ."

"ರೊಟ್ಟಿ ಮಾಡಿಲ್ಲೇನು ಮನ್ಯಾಗ?"

"ಮಾಡ್ಯಾರ. ಈಗೀಗ ಒಲ್ಲೆ ಅನಸ್ತೈತಕ್ಕ. ನುಂಗುವಾಗ ನಿಂತಂಗ ಆಗತೈತಿ. ವಯಸ್ಸಾತಲ್ಲ."

ಹಂಚು ಕಾದು ಹೊಗೆ ಏಳುತ್ತಿತ್ತು. ಉರಿ ಸಣ್ಣ ಮಾಡಿದೆ.

"ಬಸು, ಅತ್ತಿ ಪದ ಹಾಡು. ಕೇಳೂಣು."

"ಈಗೇನು?"

"ಈಗ."

ಹಾಡಿದ. ಆ ತಡ ಎಲ್ಲಿರಬೇಕೋ ಅಲ್ಲೇ ಇತ್ತು. ಅಪ್ಪ ಇದ್ದಿದ್ದರೆ ತೊಡೆ ತಟ್ಟುತ್ತಿದ್ದ. ಒಂದು ನುಡಿ, ಇನ್ನೊಂದು. ಕೆಳಗಿನ ಸದ್ದು ಮೇಲಕ್ಕೆ ಬರತೊಡಗಿತು. ಮೂರನೆಯ ನುಡಿಯಲ್ಲಿ ದನಿ ಎರಡು ಕಡೆ ಒಡೆಯಿತು. ಉಸಿರೆಳೆದುಕೊಂಡು ಅಂಕಿತದ ನುಡಿ ಎತ್ತಿದ.

"ಸಾಕು. ನಿಲ್ಲಸು."

"ಅಂಕಿತ ಬಂದಿಲ್ಲಲ್ಲಕ್ಕ!"

"ಅಂಕಿತ ಆಮ್ಯಾಲ. ನೀರು ಕುಡಿ ಮೊದಲ."

ಆ ಮಾತು ಯಾರದೆಂದು ಅವನಿಗೂ ಗೊತ್ತು; ಅವತ್ತು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತವನು ಅವನೇ. ತಂಬಿಗೆ ಎತ್ತಿದ ಸದ್ದು ಕೇಳಿಸಿತು. ಗುಟುಕು ಇಳಿಯಲು ಹೊತ್ತು ಹಿಡಿಯಿತು. ನಾನು ಅದನ್ನೂ ಕೇಳಿಸಿಕೊಂಡೆ.

"ಫೋನಿಂದಲ್ಲಂತಿಯಾ?" ಎಂದು ಮೆಲ್ಲಗೆ ಕೇಳಿದ.

"ಅಲ್ಲಪ್ಪ. ಮುಂಜಾನಿ ಮೊದಲ ಬಸ್ಸಿಗಿ ಬರತೀನಿ. ಕೃಷ್ಣಾಕ ಹೋಗಿ ರೈಲ್ ಹತ್ತೂಣು. ರಾಯಚೂರಾಗ ತೋರಸೂಣು."

"ಏನೂ ಇರಲಿಕ್ಕಿಲ್ಲ ಬಿಡಕ್ಕ."

"ಇರದಿದ್ರ ಶಿವಗ ಕಾಯಿ ಒಡಿಯೂಣು. ಮುಂಜಾನಿ ತಯ್ಯಾರಾಗಿರು."

"ಹೂಂ" ಎಂದ. ಆ ಒಂದು ಅಕ್ಷರದಲ್ಲೂ ಆ ಗರಗರ ಇತ್ತು. ಅತ್ತಿಯ ಕಾಲದಲ್ಲಿ ಒಂದು ಸುಗ್ಗಿ ಪೂರ್ತಿ ಕಳೆದಿತ್ತು. ಈ ಸಲ ಒಂದು ಫೋನಿನ ಮಾತಿನೊಳಗೆ ಕೇಳಿಸಿತಲ್ಲ, ಅಷ್ಟಾದರೂ ನಮ್ಮ ಪಾಲಿಗೆ ಬಂತು ಎಂದು ದೇವರ ಕೋಣೆಯ ಕಡೆ ತಿರುಗಿ ಕೈ ಮುಗಿದೆ. ಎಷ್ಟು ದಿನದಿಂದ ಇತ್ತೋ, ಅದು ಶಿವನಿಗೇ ಗೊತ್ತು.

ಪರಾತದಲ್ಲಿ ಹಿಟ್ಟು ಅರ್ಧ ಆರಿ, ಅಂಚು ಬಿರಿದಿತ್ತು. ಮತ್ತೆ ಬಿಸಿನೀರು ಹಾಕಿ ನಾದಿದೆ. ದಾರಿಗೆಂದು ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿಯಲು ಹಿಟ್ಟಿನ ಡಬ್ಬಿ ತೆರೆದೆ. ಬೊಗಸೆಗೆ ತೆಗೆದುಕೊಂಡವಳು ಸ್ವಲ್ಪ ನಿಂತೆ. ಆಮೇಲೆ ಆ ಹಿಟ್ಟನ್ನು ಪರಾತಕ್ಕೆ ಹಾಕದೆ, ಬೇರೊಂದು ಬಟ್ಟಲಿಗೆ ಸುರಿದು, ತಣ್ಣೀರಿನಲ್ಲಿ ಕಲಸಿ, ಬಸುವಿನ ಅಂಬಲಿಗೆಂದು ಮುಚ್ಚಿಟ್ಟೆ.